ಜಗಳೂರು ಸೀಮೆಯ ಬೀಳು ಹೊಲ, ತುಂಬ ಬಳ್ಳಾರಿ ಜಾಲಿ: ಡೋಜರ್, ಹಿಟಾಚಿ, ಜೆಸಿಬಿಗಳಲ್ಲಿ ಯಾವುದು ಸರಿ?

ಜಗಳೂರು ಬೀಳುಹೊಲ

ಎಲ್ಲರಿಗೂ ನಮಸ್ಕಾರ. ಜಗಳೂರು ತಾಲ್ಲೂಕಿನಲ್ಲಿ ನಮಗೆ ತಾತನ ಕಾಲದ 14 ಎಕರೆ ಜಮೀನಿದೆ. ಬೋರ್‌ವೆಲ್ ಬತ್ತಿ, ತಂದೆಯವರು ದಾವಣಗೆರೆಗೆ ಬಂದು ನೆಲೆಸಿದ ಮೇಲೆ ಉಳುವವರಿಲ್ಲದೆ ಅದು ಬೀಳು ಬಿದ್ದಿತು. ಈಗ ಅಲ್ಲಿ ಕುರಿಯೂ ನುಗ್ಗಲಾರದಷ್ಟು ಗಿಡ ದಟ್ಟವಾಗಿದೆ. ಮುಕ್ಕಾಲು ಪಾಲು ಬಳ್ಳಾರಿ ಜಾಲಿ. ಅದರಲ್ಲಿ ಕೆಲವು ಬುಡಗಳು ತೊಡೆಯ ಗಾತ್ರ ಮೀರಿವೆ. ಉಳಿದದ್ದು ಲಂಟಾನ, ಬಂದರೆ, ಕಾರೆಯ ಪೊದೆಗಳು. ಬದುಗಳ ಮೇಲೆ ಬೇವು ಮತ್ತು ಹೊಂಗೆ, ಮರಡಿಯ (ಕಲ್ಲುಗುಡ್ಡದ) ಕಡೆಗೆ ಹಳೆಯ ಕಮರದ ಮರಗಳು ಇವೆ. ಕೆಳಗಿನ ಐದು ಎಕರೆ ಎರೆಭೂಮಿ (ಕಪ್ಪುಮಣ್ಣು), ಮೇಲಿನದೆಲ್ಲ ಗರಸು ಬೆರೆತ ಮಸಾರಿ (ಕೆಂಪುಮಣ್ಣು).

ಡಾಂಬರು ರಸ್ತೆಯಿಂದ ಹೊಲಕ್ಕೆ 6 ಕಿಲೋಮೀಟರ್ ಬಂಡಿದಾರಿ. ನಡುವೆ ಒಂದು ಹಳ್ಳ, ಅದಕ್ಕೊಂದು ಹಳೆಯ ಕಲ್ಲಿನ ಮೋರಿ. ಗುತ್ತಿಗೆದಾರರೊಬ್ಬರು ಡೋಜರ್ ತರಿಸಿದರೆ ಒಂದೇ ವಾರದಲ್ಲಿ ಬಯಲು ಮಾಡಿಕೊಡುತ್ತೇನೆ ಎನ್ನುತ್ತಾರೆ. ನಮ್ಮ ಚಿಕ್ಕಪ್ಪನವರು ಹಳೆಯ ಜೆಸಿಬಿಯೊಂದನ್ನು ಕೊಂಡು, ನಮ್ಮ ಕೆಲಸ ಮುಗಿದ ಮೇಲೆ ಬಾಡಿಗೆಗೆ ಬಿಡೋಣ ಎನ್ನುತ್ತಾರೆ. ನನಗೆ ಹೇಳಿರುವ ದರ ಜೆಸಿಬಿಗೆ ಗಂಟೆಗೆ 1,200 ರೂಪಾಯಿ, 20 ಟನ್ನಿನ ಹಿಟಾಚಿಗೆ (ಚೈನಿನ ಮೇಲೆ ಓಡುವ ಅಗೆಯುವ ಯಂತ್ರ) 2,200, ಡೋಜರಿಗೆ (ಮುಂದಿನ ಬ್ಲೇಡಿನಿಂದ ತಳ್ಳುವ ಯಂತ್ರ) 3,000. ಮುಂಗಾರಿಗೆ ಮೆಕ್ಕೆಜೋಳದ ಜೊತೆ ತೊಗರಿ ಹಾಕಬೇಕೆಂಬ ಆಸೆ ಇದೆ. ಈ ಕೆಲಸ ಮಾಡಿಸಿದವರು, ಮಾಡಿದವರು ದಯವಿಟ್ಟು ಸಲಹೆ ಕೊಡಿ.

ಹೊಳಲ್ಕೆರೆ ತೋಟಗಾರ

ಯೋಚನೆಯೇ ಬೇಡ, ಡೋಜರ್ ತರಿಸಿ. ಗಂಟೆಯ ಬಾಡಿಗೆ ಹೆಚ್ಚಾದರೂ ಒಟ್ಟು ಗಂಟೆಗಳು ಕಡಿಮೆ ಆಗುತ್ತವೆ, ಲೆಕ್ಕ ಅಲ್ಲಿಗೇ ಬರುತ್ತದೆ.

ಚೈನ್‌ಗಾಡಿ ಆಪರೇಟರ್, ಚಿತ್ರದುರ್ಗ

ತೋಟಗಾರರ ಮಾತನ್ನು ನಾನು ಒಪ್ಪುವುದಿಲ್ಲ. ಭೀಮಸಮುದ್ರದ ಕಡೆಯ ಅದಿರು ಗಣಿಗಳಲ್ಲಿಯೂ, ಆಮೇಲೆ ಜೋಗಿಮಟ್ಟಿ ಸಾಲಿನ ಆಚೆ ಗಾಳಿಯಂತ್ರಗಳಿಗೆ ರಸ್ತೆ ಮಾಡುವ ಕೆಲಸದಲ್ಲಿಯೂ ಡೋಜರ್ ಮತ್ತು ಹಿಟಾಚಿ ಎರಡನ್ನೂ ಓಡಿಸಿದವನಾಗಿ ಹೇಳುತ್ತೇನೆ: ರಸ್ತೆ ಮಾಡುವುದು ಬೇರೆ, ಹೊಲ ಮಾಡುವುದು ಬೇರೆ. ರಸ್ತೆಗೆ ಮೇಲ್ಮಣ್ಣು ಬೇಡ, ಅದನ್ನು ಎತ್ತಿ ಹಾಕುವುದೇ ಅಲ್ಲಿನ ಕೆಲಸ. ಹೊಲಕ್ಕೆ ಬೇಕಾದದ್ದೇ ಆ ಮೇಲ್ಮಣ್ಣು.

ಡೋಜರಿನ ನೇರ ಬ್ಲೇಡು ಗಿಡವನ್ನು ಮಾತ್ರ ತಳ್ಳುವುದಿಲ್ಲ, ಗಿಡದ ಬೇರು ಹಿಡಿದುಕೊಂಡಿರುವ ಮಣ್ಣನ್ನೂ ಸೇರಿಸಿ ತಳ್ಳುತ್ತದೆ. ನಿಮ್ಮ ಮಸಾರಿಯಲ್ಲಿ ಒಳ್ಳೆಯ ಮಣ್ಣು ಇರುವುದೇ ಅರ್ಧ ಅಡಿಯಿಂದ ಒಂದು ಅಡಿ, ಅದರ ಕೆಳಗೆ ಬರೀ ಗರಸು. ಅದನ್ನು ಹೊಲದ ಅಂಚಿಗೆ ಗುಡ್ಡೆ ಹಾಕಿದ ಮೇಲೆ ನಿಮಗೆ ಉಳಿಯುವುದು ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬಂದು ಹಳದಿಯಾಗುವ ನೆಲ. ಆ ಗುಡ್ಡೆಯ ಸ್ಥಿತಿಯೂ ಹೇಳುವಂತಿಲ್ಲ. ಬೇರು, ಕೊಂಬೆ, ಮಣ್ಣು ಎಲ್ಲ ಕಲಸಿಹೋಗಿರುವುದರಿಂದ ಅದು ಸುಡುವುದೂ ಇಲ್ಲ, ಕೊಳೆಯುವುದೂ ಇಲ್ಲ, ಒಂದು ಮಳೆ ಬಿದ್ದರೆ ಅದರೊಳಗಿಂದಲೇ ಜಾಲಿ ಮತ್ತೆ ಚಿಗುರುತ್ತದೆ.

ಹಿಟಾಚಿ ಹಾಗಲ್ಲ. 20 ಟನ್ನಿನ ಯಂತ್ರ ಒಂದು ಕಡೆ ನಿಂತರೆ ಸುತ್ತ 9 ಮೀಟರಿನವರೆಗೆ ಕೈ ಚಾಚುತ್ತದೆ. ಒಂದೊಂದು ಬುಡವನ್ನೂ ಬಿಡಿಸಿ, ಎತ್ತಿ, ಎರಡು ಸಲ ಜಾಡಿಸಿ ಮಣ್ಣು ಉದುರಿಸಿ ಬೇರೆ ಇಡಬಹುದು. ಹೊಂಗೆಯ ಪಕ್ಕದಲ್ಲಿರುವ ಜಾಲಿಯನ್ನು ಹೊಂಗೆಗೆ ಪೆಟ್ಟಾಗದಂತೆ ತೆಗೆಯುವುದು ಹಿಟಾಚಿಯಿಂದ ಆಗುತ್ತದೆ, ಡೋಜರಿನಿಂದ ಆಗುವುದಿಲ್ಲ.

ನೀಲಗಿರಿ ಗುತ್ತಿಗೆದಾರ, ಹೊಸದುರ್ಗ

ಆಪರೇಟರ್ ಅಣ್ಣ ನೇರ ಬ್ಲೇಡಿನ ಮಾತು ಹೇಳಿ ಡೋಜರನ್ನೇ ತಳ್ಳಿಹಾಕುತ್ತಿದ್ದಾರೆ, ಇದು ನ್ಯಾಯವಲ್ಲ. ಗಿಡ ತೆಗೆಯುವ ಕೆಲಸಕ್ಕೆ ಡೋಜರಿಗೆ ಬ್ಲೇಡಿನ ಬದಲು ಬಾಚಣಿಗೆಯಂಥ ರೂಟ್ ರೇಕ್ ಹಾಕುತ್ತಾರೆ. ಅದರ ಹಲ್ಲುಗಳ ನಡುವೆ ಮಣ್ಣು ಸೋರಿ ಬೇರು ಮಾತ್ರ ಮುಂದಕ್ಕೆ ಹೋಗುತ್ತದೆ. ಸಮತಟ್ಟಾದ ನೆಲದಲ್ಲಿ 50 ಎಕರೆ ನೀಲಗಿರಿ ಬೊಡ್ಡೆ ತೆಗೆಯಬೇಕಾದರೆ ಹಿಟಾಚಿ ಇಟ್ಟುಕೊಂಡು ಒಂದೊಂದೇ ಬೊಡ್ಡೆ ಕೀಳುತ್ತ ಕುಳಿತರೆ ಗುತ್ತಿಗೆದಾರ ಮನೆ ಮಾರಬೇಕಾಗುತ್ತದೆ. ಬಿಇಎಂಎಲ್ ಸಂಸ್ಥೆ ಕೆಜಿಎಫ್‌ನಲ್ಲಿ ಬುಲ್ಡೋಜರ್ ತಯಾರಿಸುತ್ತಿರುವುದು ಗಣಿಗಾಗಿ ಮಾತ್ರವಲ್ಲ, ಭೂಮಿ ಹದ ಮಾಡುವ ಕೆಲಸಕ್ಕೂ ಅವು ಬೇಕು.

ಚೈನ್‌ಗಾಡಿ ಆಪರೇಟರ್, ಚಿತ್ರದುರ್ಗ

ರೇಕ್ ಇದ್ದರೆ ನೀವು ಹೇಳುವುದು ಸರಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದಾವಣಗೆರೆ, ಚಿತ್ರದುರ್ಗಗಳಲ್ಲಿ ಬಾಡಿಗೆಗೆ ಬರುವ ಡೋಜರುಗಳಲ್ಲಿ ರೇಕ್ ಇರುವುದನ್ನು ನಾನು ಕಂಡದ್ದು ಬಹಳ ಅಪರೂಪ. ಬರುವವರು ನೇರ ಬ್ಲೇಡಿನಲ್ಲೇ ಬರುತ್ತಾರೆ, ಅದರಲ್ಲೇ ಮುಗಿಸಿ ಹೋಗುತ್ತಾರೆ. ಇವರದು 50 ಎಕರೆಯ ನೀಲಗಿರಿ ಪ್ಲಾಟೂ ಅಲ್ಲ. 14 ಎಕರೆ, ಇಳಿಜಾರು, ನಡುನಡುವೆ ಉಳಿಸಿಕೊಳ್ಳಬೇಕಾದ ಮರಗಳು.

ಪಿ.ಬಿ. ರಸ್ತೆ ಮೆಕ್ಯಾನಿಕ್, ದಾವಣಗೆರೆ

ಯಂತ್ರ ಹೊಲದಲ್ಲಿ ಏನು ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಿದ್ದೀರಿ. ಅದು ಹೊಲಕ್ಕೆ ತಲುಪುವುದು ಹೇಗೆ ಎಂದು ಯಾರೂ ಕೇಳಲಿಲ್ಲ. 20 ಟನ್ನಿನ ಯಂತ್ರವನ್ನು ಲೋಬೆಡ್ ಟ್ರೇಲರಿನ (ಯಂತ್ರ ಸಾಗಿಸುವ ತಗ್ಗಾದ ಉದ್ದನೆಯ ಲಾರಿ) ಮೇಲೆ ತಂದರೆ ಒಟ್ಟು ತೂಕ 30 ಟನ್ ಮೀರುತ್ತದೆ. ಹಳೆಯ ಕಲ್ಲಿನ ಮೋರಿ ಅಷ್ಟು ತೂಕಕ್ಕೆ ಕಟ್ಟಿದ್ದಲ್ಲ. ಬಂಡಿದಾರಿಯ ತಿರುವುಗಳಲ್ಲಿ ಲೋಬೆಡ್ ತಿರುಗುವುದೂ ಇಲ್ಲ. ಅಂದರೆ ಡಾಂಬರು ರಸ್ತೆಯಲ್ಲೇ ಇಳಿಸಿ 6 ಕಿಲೋಮೀಟರ್ ಚೈನಿನ ಮೇಲೆ ನಡೆಸಿಕೊಂಡು ಹೋಗಬೇಕು.

ಹಿಟಾಚಿ ನಡೆಯುವುದು ಗಂಟೆಗೆ ಹೆಚ್ಚೆಂದರೆ ನಾಲ್ಕೈದು ಕಿಲೋಮೀಟರ್. ಒಂದೇ ಸಮನೆ ನಡೆಸಿದರೆ ಟ್ರಾವೆಲ್ ಮೋಟಾರೂ ರೋಲರುಗಳೂ ಕಾಯುತ್ತವೆ, ಆದ್ದರಿಂದ ನಡುವೆ ನಿಲ್ಲಿಸಿ ಆರಲು ಬಿಡಬೇಕು. ದೂರ ನಡೆಸುವಾಗ ಸ್ಪ್ರಾಕೆಟ್ (ಚೈನು ತಿರುಗಿಸುವ ಹಲ್ಲುಚಕ್ರ) ಹಿಂದೆ, ಐಡ್ಲರ್ (ಇನ್ನೊಂದು ತುದಿಯ ನಯವಾದ ಚಕ್ರ) ಮುಂದೆ ಇರುವಂತೆ ನಡೆಸಬೇಕು; ತಿರುಗಾಮುರುಗಾ ನಡೆಸಿದರೆ ಚೈನು ಬೇಗ ಸವೆಯುತ್ತದೆ. ಚೈನಿನ ಯಂತ್ರಗಳಲ್ಲಿ ರಿಪೇರಿಯ ಖರ್ಚಿನ ದೊಡ್ಡ ಪಾಲು ತಳಭಾಗದ್ದೇ ಆಗಿರುವುದರಿಂದ, ಮಾಲೀಕರು ಈ ನಡಿಗೆಯ ಗಂಟೆಗಳಿಗೂ ಬಾಡಿಗೆ ಕೇಳಿಯೇ ಕೇಳುತ್ತಾರೆ. ಅದನ್ನು ಮೊದಲೇ ಮಾತಾಡಿಕೊಳ್ಳಿ.

ಇನ್ನು ಹಳೆಯ ಜೆಸಿಬಿ ಕೊಳ್ಳುವ ವಿಚಾರ. ನಿಮ್ಮ ಚಿಕ್ಕಪ್ಪನವರ ಆಲೋಚನೆಯಲ್ಲಿ ತಪ್ಪಿಲ್ಲ, ಏಕೆಂದರೆ ಜೆಸಿಬಿ ಎಂಟು ಟನ್ನಿನ ಒಳಗಿನ ಯಂತ್ರ, ತನ್ನ ಟೈರಿನ ಮೇಲೆ ತಾನೇ ಹೊಲದವರೆಗೆ ಬರುತ್ತದೆ, ಡೀಸೆಲ್ಲೂ ಕಡಿಮೆ ಕುಡಿಯುತ್ತದೆ. ಆದರೆ ಅದು ಟೈರಿನ ಗಾಡಿ, ನಿಮ್ಮದು ಜಾಲಿಯ ಕಾಡು. ಬಳ್ಳಾರಿ ಜಾಲಿಯ ಒಣಮುಳ್ಳು ಎರಡು ಇಂಚು ಉದ್ದ ಇರುತ್ತದೆ, ಕಡಿದ ಕೊಂಬೆ ಎರಡು ವಾರ ಒಣಗಿದ ಮೇಲೆ ಮೊಳೆಯಷ್ಟು ಗಟ್ಟಿಯಾಗುತ್ತದೆ. ಮುಂದಿನ ಟೈರು ಚಿಕ್ಕದು, ಭಾರ ಬಿದ್ದಾಗ ಮುಳ್ಳು ಪಕ್ಕದ ಗೋಡೆಯಲ್ಲಿ ಹೊಕ್ಕರೆ ಪ್ಯಾಚ್ ನಿಲ್ಲುವುದಿಲ್ಲ. ಪಂಕ್ಚರ್ ಅಂಗಡಿ 20 ಕಿಲೋಮೀಟರ್ ದೂರ ಇರುವ ಹೊಲದಲ್ಲಿ ಒಂದು ಟೈರು ಕುಳಿತರೆ ಆ ದಿನದ ಕೆಲಸ ಮುಗಿದಂತೆ.

ಕೊಳ್ಳಲೇಬೇಕೆಂದಿದ್ದರೆ ಮೀಟರ್ ರೀಡಿಂಗ್ ನಂಬಬೇಡಿ. ಹಿಂದಿನ ಬಕೆಟನ್ನು ಪೂರ್ತಿ ಚಾಚಿ, ನೆಲದಿಂದ ಸ್ವಲ್ಪ ಎತ್ತಿ, ಕೈಯಿಂದ ಅತ್ತಿತ್ತ ಅಲ್ಲಾಡಿಸಿ ನೋಡಿ. ಕಿಂಗ್‌ಪೋಸ್ಟಿನಲ್ಲಿ (ಹಿಂದಿನ ತೋಳು ಅತ್ತಿತ್ತ ತಿರುಗುವ ಕೀಲು) ಲೂಜು ಇದ್ದರೆ ಬಕೆಟ್ಟಿನ ತುದಿಯಲ್ಲಿ ಅದು ಒಂದು ಗೇಣಿನಷ್ಟು ಆಟವಾಡುತ್ತದೆ. ಬುಡ ಕೀಳುವ ಕೆಲಸ ಆ ಭಾಗಕ್ಕೇ ಹೆಚ್ಚು ಹೊಡೆತ ಕೊಡುವಂಥದು.

ಕೋಟೆನಾಡಿನ ಹುಡುಗ

ಮೆಕ್ಯಾನಿಕ್ ಅಣ್ಣನ ಮಾತಿಗೆ ನನ್ನ ಸಹಮತವಿದೆ. ನಮ್ಮ ಪಕ್ಕದ ಹೊಲದಲ್ಲಿ ಟೈರಿನ ಯಂತ್ರ ಇಳಿಸಿ, ಕೆಲಸಕ್ಕಿಂತ ಹೆಚ್ಚು ಹೊತ್ತು ಟೈರು ಬಿಚ್ಚುವುದರಲ್ಲೇ ಕಳೆದರು.

ಚಳ್ಳಕೆರೆ ರೈತಮಹಿಳೆ

ಯಂತ್ರದ ಮಾತಿಗೆ ಮೊದಲು ಇನ್ನೊಂದು ದಾರಿ ಇದೆ, ಅದನ್ನು ಹೇಳುತ್ತೇನೆ. ನಮ್ಮ ಕಡೆ ಬಳ್ಳಾರಿ ಜಾಲಿಯನ್ನು ಇದ್ದಿಲು ಸುಡುವವರು ಬಂದು ಕಡಿದುಕೊಂಡು ಹೋಗುತ್ತಾರೆ. ಸೌದೆ ಅವರಿಗೆ, ಬಯಲು ನಮಗೆ. ಗಿಡ ದಪ್ಪವಿದ್ದರೆ ನಮಗೇ ಒಂದಿಷ್ಟು ಹಣ ಕೊಡುವುದೂ ಉಂಟು. ಮೇಲಿನ ಮರ ಹೀಗೆ ಹೋದರೆ ಯಂತ್ರಕ್ಕೆ ಬುಡ ಕೀಳುವ ಕೆಲಸ ಮಾತ್ರ ಉಳಿಯುತ್ತದೆ, ಬಾಡಿಗೆಯ ಗಂಟೆಗಳು ಬಹಳಷ್ಟು ಉಳಿಯುತ್ತವೆ. ಆಪರೇಟರಿಗೂ ಮುಂದೆ ಏನಿದೆ ಎಂದು ಕಾಣುತ್ತದೆ.

ಚೈನ್‌ಗಾಡಿ ಆಪರೇಟರ್, ಚಿತ್ರದುರ್ಗ

ಅಕ್ಕನ ಸಲಹೆ ಒಳ್ಳೆಯದು, ಆದರೆ ಅದರಲ್ಲಿ ಒಂದು ಷರತ್ತನ್ನು ಸೇರಿಸಲೇಬೇಕು. ಇದ್ದಿಲಿನವರಿಗೆ ಬುಡದ ಕಟ್ಟಿಗೆಯೇ ಹೆಚ್ಚು ತೂಕ, ಆದ್ದರಿಂದ ಅವರು ನೆಲಕ್ಕೆ ಸಮನಾಗಿ ಕಡಿಯುತ್ತಾರೆ. ಹಾಗೆ ಕಡಿದ ಬುಡವನ್ನು ಕೀಳುವುದು ಯಂತ್ರಕ್ಕೆ ದುಪ್ಪಟ್ಟು ಕೆಲಸ. ಬಕೆಟ್ಟಿಗೆ ಹಿಡಿಯಲು ಏನೂ ಇರುವುದಿಲ್ಲ, ಸುತ್ತ ಅಗೆದು ಅಡಿಯಿಂದ ಎತ್ತಬೇಕಾಗುತ್ತದೆ. ಸೊಂಟದೆತ್ತರ, ಅಂದರೆ ಮೂರರಿಂದ ನಾಲ್ಕು ಅಡಿ ಬುಡ ಬಿಟ್ಟು ಕಡಿದರೆ ಅದೇ ಮೀಟುಗೋಲಿನಂತೆ ಕೆಲಸ ಮಾಡುತ್ತದೆ. ಮೂರು ಕಡೆ ಪಕ್ಕದ ಬೇರುಗಳನ್ನು ಬಕೆಟ್ಟಿನ ಹಲ್ಲಿನಿಂದ ಕತ್ತರಿಸಿ, ನಾಲ್ಕನೆಯ ಕಡೆಯಿಂದ ಬುಡದ ಮೇಲ್ತುದಿಯನ್ನು ಒತ್ತಿದರೆ ತಾಯಿಬೇರು ಸಹಿತ ಮಗುಚಿಕೊಳ್ಳುತ್ತದೆ. ಇದ್ದಿಲಿನವರ ಹತ್ತಿರ ಈ ಮಾತನ್ನು ಮೊದಲೇ ಖಚಿತ ಮಾಡಿಕೊಳ್ಳಿ, ಸ್ವಲ್ಪ ಹಣ ಬಿಟ್ಟುಕೊಟ್ಟರೂ ಚಿಂತೆಯಿಲ್ಲ.

ಕೃಷಿ ಪದವೀಧರೆ, ಹಿರಿಯೂರು

ಬುಡ ಎಷ್ಟು ಆಳದವರೆಗೆ ಹೋಗಬೇಕು ಎಂಬುದು ಯಂತ್ರದ ಆಯ್ಕೆಗೆ ನೇರವಾಗಿ ಸಂಬಂಧಿಸಿದ್ದರಿಂದ ಸೇರಿಸುತ್ತಿದ್ದೇನೆ. ಬಳ್ಳಾರಿ ಜಾಲಿಯ ತಾಯಿಬೇರು ಬಹಳ ಆಳಕ್ಕೆ ಇಳಿಯುತ್ತದೆ, ಅದನ್ನೆಲ್ಲ ತೆಗೆಯುವ ಅಗತ್ಯವಿಲ್ಲ. ಅದು ಮತ್ತೆ ಚಿಗುರುವುದು ಕಾಂಡದ ಬುಡದಲ್ಲಿ, ನೆಲಮಟ್ಟದ ಸ್ವಲ್ಪ ಕೆಳಗೆ ಇರುವ ಮೊಗ್ಗುಗಳಿಂದ. ನೆಲದಿಂದ ಸುಮಾರು ಒಂದು ಅಡಿ ಕೆಳಗೆ ಬೇರು ಕತ್ತರಿಸಿಹೋದರೆ ಸಾಮಾನ್ಯವಾಗಿ ಅದು ಏಳುವುದಿಲ್ಲ. ನೆಲಮಟ್ಟದಲ್ಲಿ ಕಡಿದು ಬಿಟ್ಟರೆ ಒಂದು ಕಾಂಡ ಇದ್ದಲ್ಲಿ ಮುಂದಿನ ಮಳೆಗಾಲಕ್ಕೆ ಹತ್ತು ಕಾಂಡಗಳು ಬರುತ್ತವೆ. ಮಲ್ಚರ್ ಯಂತ್ರದಿಂದ ಗಿಡವನ್ನು ಪುಡಿ ಮಾಡಿಸುವವರಿಗೂ ಇದೇ ಗತಿ; ಮೇಲೆ ನೋಡಲು ಅಚ್ಚುಕಟ್ಟಾಗಿರುತ್ತದೆ, ಕೆಳಗೆ ಬೇರು ಜೀವಂತವಾಗಿರುತ್ತದೆ.

ಹಾಗಾಗಿ ನಿಮಗೆ ಬೇಕಾದದ್ದು ನಾಲ್ಕೈದು ಮೀಟರ್ ಅಗೆಯುವ ಯಂತ್ರವಲ್ಲ, ಒಂದೂವರೆ ಅಡಿಯಲ್ಲಿ ಬೇರನ್ನು ಹಿಡಿದು ಕತ್ತರಿಸುವ ಯಂತ್ರ. ಬಕೆಟ್ ಬಿಚ್ಚಿ ಒಂಟಿ ಹಲ್ಲಿನ ರಿಪ್ಪರ್ ಹಾಕಿದರೆ ಮಣ್ಣು ಬಹಳ ಕಡಿಮೆ ಕದಡುತ್ತದೆ.

ಇನ್ನೊಂದು ಮಾತು. ಈ ಗಿಡ 1870ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದಾಗ ಬರಡು ನೆಲಕ್ಕೆ ಹಸಿರು, ಬಡವರಿಗೆ ಸೌದೆ ಎಂದೇ ತಂದದ್ದು. ಅದರ ಕಾಯಿಯನ್ನು ಕುರಿ, ಮೇಕೆ, ದನ ತಿಂದು ಸಗಣಿಯಲ್ಲಿ ಬೀಜ ಹರಡುತ್ತವೆ. ನಿಮ್ಮ ಮಣ್ಣಿನಲ್ಲಿ ಈಗಾಗಲೇ ಬಿದ್ದಿರುವ ಬೀಜಗಳು ವರ್ಷಗಟ್ಟಲೆ ಮೊಳಕೆಯೊಡೆಯುತ್ತ ಇರುತ್ತವೆ. ಆದ್ದರಿಂದ ಕೈಯಲ್ಲಿರುವ ಹಣವನ್ನೆಲ್ಲ ದೊಡ್ಡ ಯಂತ್ರದ ಮೇಲೆ ಸುರಿಯದೆ, ಮುಂದಿನ ಎರಡು ಮೂರು ಮಳೆಗಾಲ ಕಲ್ಟಿವೇಟರ್ ಹೊಡೆಸಿ ಸಸಿ ಕೀಳಿಸಲು ಒಂದು ಪಾಲನ್ನು ಎತ್ತಿಡಿ.

ನೀಲಗಿರಿ ಗುತ್ತಿಗೆದಾರ, ಹೊಸದುರ್ಗ

ಒಂದು ಅಡಿಯ ಮಾತು ಪುಸ್ತಕದಲ್ಲಿ ಸರಿ. ಗರಸಿನಲ್ಲಿ ಬೇಸಿಗೆಯಲ್ಲಿ ಆ ಒಂದು ಅಡಿ ಇಳಿಯಲು ಬಕೆಟ್ಟಿನ ಹಲ್ಲು ಎಷ್ಟು ಸವೆಯುತ್ತದೆ ಎಂಬುದನ್ನೂ ಲೆಕ್ಕ ಹಾಕಬೇಕು.

ಕೃಷಿ ಪದವೀಧರೆ, ಹಿರಿಯೂರು

ಅದಕ್ಕೇ ಕಾಲ ನೋಡಿ ಯಂತ್ರ ಇಳಿಸಬೇಕು, ಸರ್. ಮಸಾರಿಯನ್ನು ಅಶ್ವಿನಿ, ಭರಣಿ ಮಳೆಗಳು ಒಂದೆರಡು ಬಿದ್ದು ನೆಲ ಮೆತ್ತಗಾದ ಮೇಲೆ ತೆಗೆಯಿಸಿದರೆ ಬೇರು ಸುಲಭವಾಗಿ ಬಿಡುತ್ತದೆ. ಎರೆಭೂಮಿಯದು ತದ್ವಿರುದ್ಧ, ಅದರ ಮೇಲೆ ಮಳೆ ಬಿದ್ದ ಮೇಲೆ ಯಾವ ಯಂತ್ರವನ್ನೂ ಇಳಿಸಬಾರದು. ಹಸಿ ಎರೆಯಲ್ಲಿ ಭಾರದ ಯಂತ್ರ ಓಡಾಡಿದರೆ ಕೆಳಗೆ ಮಣ್ಣು ಹೆಪ್ಪುಗಟ್ಟಿ ನೀರು ಇಂಗದ ಪದರವಾಗುತ್ತದೆ, ಆಮೇಲೆ ಅದನ್ನು ಒಡೆಯಲು ಸಬ್‌ಸಾಯಿಲರ್ (ಆಳಕ್ಕೆ ಸೀಳುವ ನೇಗಿಲು) ತರಿಸಬೇಕು. ಎರೆಯನ್ನು ಫೆಬ್ರುವರಿ, ಮಾರ್ಚಿನಲ್ಲಿ ಮುಗಿಸಿ, ಮಸಾರಿಯನ್ನು ಏಪ್ರಿಲ್ ಕೊನೆಗೆ ಇಟ್ಟುಕೊಳ್ಳಿ.

ಪಿ.ಬಿ. ರಸ್ತೆ ಮೆಕ್ಯಾನಿಕ್, ದಾವಣಗೆರೆ

ಎರಡು ಸಲ ಯಂತ್ರ ತರಿಸಿದರೆ ಸಾಗಣೆಯ ಖರ್ಚೂ ಎರಡು ಸಲ. 6 ಕಿಲೋಮೀಟರ್ ನಡಿಗೆಯ ಹೊಲಕ್ಕೆ ಅದು ಸಣ್ಣ ಮೊತ್ತವಲ್ಲ. ಮಾರ್ಚಿನಲ್ಲಿ ಎರೆ ಮುಗಿಸಿ ಅದೇ ಯಂತ್ರದಿಂದ ಮಸಾರಿಯನ್ನೂ ಒಣನೆಲದಲ್ಲೇ ತೆಗೆಯಿಸುವುದು ಮೇಲು, ಹಲ್ಲು ಸವೆದರೆ ಹೊಸ ಸೆಟ್ ಹಾಕಿದರಾಯಿತು.

ನಿವೃತ್ತ ಅರಣ್ಯ ನೌಕರ

ನೀವೆಲ್ಲರೂ ಯಂತ್ರವನ್ನು ಹೊಲಕ್ಕೆ ಇಳಿಸಿಯೇ ಬಿಟ್ಟಿದ್ದೀರಿ. ಇಳಿಸುವ ಮುನ್ನ ಮಾಡಬೇಕಾದ ಕೆಲಸಗಳಿವೆ. ಪ್ರಶ್ನೆ ಕೇಳಿದವರು ದಯವಿಟ್ಟು ಇದನ್ನು ಗಮನವಿಟ್ಟು ಓದಬೇಕು.

ಮೊದಲನೆಯದಾಗಿ ಸರ್ವೆ ಇಲಾಖೆಗೆ ಅರ್ಜಿ ಕೊಟ್ಟು ಹದ್ದುಬಸ್ತು (ಗಡಿ ಅಳತೆ) ಮಾಡಿಸಿ, ಕಲ್ಲು ನೆಡಿಸಿ. ವರ್ಷಗಳ ಕಾಲ ಬೀಳು ಬಿದ್ದ ಜಮೀನಿನಲ್ಲಿ ಹಳೆಯ ಬದು ಕಾಣುವುದಿಲ್ಲ. ಯಂತ್ರ ಹತ್ತು ಗಜ ಆಚೆ ಹೋದರೆ ಅದು ಗೋಮಾಳವೋ, ಖರಾಬೋ (ಸಾಗುವಳಿಗೆ ಸೇರದ ಜಾಗ), ಅರಣ್ಯವೋ ಆಗಿರಬಹುದು. ಅರಣ್ಯದ ಗಡಿ ದಾಟಿದ ಯಂತ್ರವನ್ನು ಇಲಾಖೆ ಜಪ್ತಿ ಮಾಡುತ್ತದೆ, ಆಗ ಜಮೀನಿನವರು, ಯಂತ್ರದ ಮಾಲೀಕರು, ಆಪರೇಟರು ಮೂವರೂ ಅಲೆಯಬೇಕಾಗುತ್ತದೆ.

ಎರಡನೆಯದು, ಪಹಣಿ ನಿಮ್ಮ ಹೆಸರಿನಲ್ಲಿ ಇದ್ದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರ ಆದೇಶದಲ್ಲಿ, ಮಾಲೀಕತ್ವ ಯಾರದೇ ಇರಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವಾಗಿರುವುದು ಅರಣ್ಯವೇ ಎಂದು ಹೇಳಿದೆ. ನಿಮ್ಮ ಸರ್ವೆ ನಂಬರ್ ಡೀಮ್ಡ್ ಅರಣ್ಯದ (ದಾಖಲೆಯಲ್ಲಿ ಅರಣ್ಯವಲ್ಲದಿದ್ದರೂ ಅರಣ್ಯವೆಂದು ಪರಿಗಣಿಸುವ ಜಮೀನು) ಪಟ್ಟಿಯಲ್ಲಿ ಇಲ್ಲ ಎಂಬುದನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಜಗಳೂರು ತಾಲ್ಲೂಕಿನಲ್ಲೇ 2011ರಲ್ಲಿ ಘೋಷಣೆಯಾದ ರಂಗಯ್ಯನದುರ್ಗ ಕೊಂಡುಕುರಿ (ನಾಲ್ಕು ಕೊಂಬಿನ ಜಿಂಕೆಯಂಥ ಪ್ರಾಣಿ) ವನ್ಯಧಾಮ ಇದೆ. ನಿಮ್ಮ ಜಮೀನು ಅದರ ಸುತ್ತಲಿನ ಪರಿಸರ ಸೂಕ್ಷ್ಮ ವಲಯಕ್ಕೆ ಬರುತ್ತದೆಯೇ ಎಂಬುದನ್ನೂ ಅಲ್ಲೇ ಕೇಳಿ.

ಮೂರನೆಯದು ಮರಗಳ ವಿಚಾರ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಬಳ್ಳಾರಿ ಜಾಲಿ, ನೀಲಗಿರಿ, ಸರ್ವೆ ಮರ, ಸಿಲ್ವರ್ ಓಕ್ ಮುಂತಾದವುಗಳನ್ನು ಕಡಿಯಲು ಅನುಮತಿಯಿಂದ ವಿನಾಯಿತಿ ಇದೆ. ಕಮರದಂತಹ ಕಾಡುಮರಗಳ ಮಾತು ಬೇರೆ, ಅವುಗಳಿಗೆ ವೃಕ್ಷಾಧಿಕಾರಿಗಳ ಅನುಮತಿ ಬೇಕು. ಪೊದೆಯ ನಡುವೆ ಶ್ರೀಗಂಧದ ಗಿಡ ಕಂಡರೆ ಯಂತ್ರ ನಿಲ್ಲಿಸಿ ಇಲಾಖೆಗೆ ತಿಳಿಸಿ. ನಮ್ಮ ಸೀಮೆಯ ಬೀಳುಗಳಲ್ಲಿ ಹಕ್ಕಿಗಳು ಹಾಕಿದ ಬೀಜದಿಂದ ಶ್ರೀಗಂಧ ತಾನಾಗಿ ಹುಟ್ಟುವುದು ಅಪರೂಪವಲ್ಲ.

ಹೊಳಲ್ಕೆರೆ ತೋಟಗಾರ

ಸ್ವಂತ ಹೊಲದ ಜಾಲಿ ಕೀಳಲು ಇಷ್ಟು ಕಚೇರಿ ಸುತ್ತಬೇಕೇ? ನಮ್ಮ ಊರಿನಲ್ಲಿ ಯಾರೂ ಕೇಳಲಿಲ್ಲ.

ನಿವೃತ್ತ ಅರಣ್ಯ ನೌಕರ

ಯಜಮಾನರೇ, ನಿಮ್ಮ ಅಡಿಕೆ ತೋಟದ ನೆಲ ಎಂದೂ ಸಾಗುವಳಿ ತಪ್ಪದ ನೆಲ. ಇವರದು ವನ್ಯಧಾಮವಿರುವ ತಾಲ್ಲೂಕಿನ, ಮರಡಿಗೆ ಹೊಂದಿಕೊಂಡ ಬೀಳು. ಎರಡಕ್ಕೂ ಒಂದೇ ಮಾತು ಹೇಳಲು ಬರುವುದಿಲ್ಲ. ಒಂದು ಅರ್ಜಿ ಬರೆಯುವುದಕ್ಕೆ ಬೇಸರಪಟ್ಟು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದವರನ್ನು ನಾನು ನೋಡಿದ್ದೇನೆ.

ಬೆಂಗಳೂರಿನಲ್ಲಿರುವ ಹೊಸದುರ್ಗದವಳು

ಕಮರದ ಮರಗಳನ್ನು ದಯವಿಟ್ಟು ಉಳಿಸಿಕೊಳ್ಳಿ. ಕಲ್ಲುನೆಲದಲ್ಲಿ ಬರಗಾಲವನ್ನು ತಡೆದು ನಿಲ್ಲುವ ಮರ ಅದು, ಸೊಪ್ಪು ದನಗಳಿಗೆ ಮೇವಾಗುತ್ತದೆ, ನಾಟಾ ಕಬ್ಬಿಣದಷ್ಟು ಗಟ್ಟಿ. ಒಮ್ಮೆ ಹೋದರೆ ನಮ್ಮ ತಲೆಮಾರಿನಲ್ಲಿ ಮತ್ತೆ ಅಷ್ಟು ದೊಡ್ಡದಾಗುವುದಿಲ್ಲ. ಯಂತ್ರ ಬರುವ ಮುನ್ನವೇ ಉಳಿಸಬೇಕಾದ ಮರಗಳ ಬುಡಕ್ಕೆ ಸುಣ್ಣ ಬಳಿದು ಗುರುತು ಮಾಡಿ.

ಚೈನ್‌ಗಾಡಿ ಆಪರೇಟರ್, ಚಿತ್ರದುರ್ಗ

ಸುಣ್ಣ ಬಳಿಯುವುದು ಬಹಳ ಒಳ್ಳೆಯ ಸಲಹೆ. ಎದೆಯೆತ್ತರಕ್ಕೆ, ನಾಲ್ಕೂ ಕಡೆಗೆ ಕಾಣುವಂತೆ ಬಳಿಯಿರಿ. ನಾವು ಕ್ಯಾಬಿನ್ನಿನಲ್ಲಿ ಕುಳಿತಾಗ ಧೂಳಿನ ನಡುವೆ ಬುಡ ಯಾವುದೆಂದು ತಿಳಿಯುವುದಿಲ್ಲ. ಮರದ ನೆರಳು ಬೀಳುವಷ್ಟು ಜಾಗದೊಳಗೆ ಯಂತ್ರ ಹೋಗದಿದ್ದರೆ ಬೇರಿಗೂ ಪೆಟ್ಟಾಗುವುದಿಲ್ಲ.

ಜಗಳೂರು ಬೀಳುಹೊಲ

ಎಲ್ಲರಿಗೂ ಧನ್ಯವಾದ. ಇಷ್ಟೊಂದು ವಿಚಾರ ಇದರ ಹಿಂದೆ ಇದೆ ಎಂದು ನನಗೆ ತಿಳಿದಿರಲಿಲ್ಲ. ಹೊಲದ ಮೇಲಂಚಿನಲ್ಲಿ 11 ಕೆ.ವಿ. ವಿದ್ಯುತ್ ತಂತಿ ಹಾದುಹೋಗಿದೆ, ಅದನ್ನು ಹೇಳಿರಲಿಲ್ಲ. ಆಪರೇಟರ್ ಅಣ್ಣ, ಬುಡಗಳ ಗಾತ್ರ ನೋಡಿ ಯಂತ್ರ ಎಷ್ಟು ಟನ್ನಿನದು ಬೇಕೆಂದು ಹೇಳಬಹುದೇ? 20 ಟನ್ನಿನದೇ ಬೇಕೇ?

ಚೈನ್‌ಗಾಡಿ ಆಪರೇಟರ್, ಚಿತ್ರದುರ್ಗ

ಹೊಲದಲ್ಲಿ ಮೂರು ಬೇರೆ ಬೇರೆ ಕಡೆ ಒಂದೊಂದು ಗುಂಟೆಯನ್ನು ಹಗ್ಗ ಹಿಡಿದು ಅಳೆದು, ಅದರೊಳಗಿನ ಬುಡಗಳಲ್ಲಿ ತೋಳಿನ ಗಾತ್ರದವು ಎಷ್ಟು, ತೊಡೆಯ ಗಾತ್ರದವು ಎಷ್ಟು ಎಂದು ಎಣಿಸಿ. ತೋಳಿನ ಗಾತ್ರದವೇ ಹೆಚ್ಚಾಗಿದ್ದರೆ 7 ಟನ್ನಿನ ಹಿಟಾಚಿಯೂ ಕೀಳುತ್ತದೆ, ಅದನ್ನು ಟಿಪ್ಪರಿನ ಮೇಲೆ ಹೇರಿಕೊಂಡು ಹಳ್ಳದವರೆಗೆ ತರಬಹುದು. ತೊಡೆಗಾತ್ರದವು ಅಲ್ಲಲ್ಲಿ ಇದ್ದರೆ 11 ಟನ್ನಿನದು ಹದವಾದ ಆಯ್ಕೆ. ಎಲ್ಲ ಕಡೆಯೂ ದಪ್ಪ ಬುಡಗಳೇ ಆಗಿದ್ದರೆ ಮಾತ್ರ 20 ಟನ್ನಿನದು. ಡೀಸೆಲ್ಲಿನ ಲೆಕ್ಕವನ್ನೂ ನೋಡಿ: 20 ಟನ್ನಿನ ಯಂತ್ರ ಗಂಟೆಗೆ 12ರಿಂದ 15 ಲೀಟರ್ ಕುಡಿಯುತ್ತದೆ, ಅದನ್ನು ಬ್ಯಾರಲ್ಲಿನಲ್ಲಿ 6 ಕಿಲೋಮೀಟರ್ ಟ್ರ್ಯಾಕ್ಟರಿನ ಮೇಲೆ ಹೊರಬೇಕಾದವರು ನೀವು.

ಮೋರಿಯ ಮೇಲೆ ಯಾವ ಯಂತ್ರವನ್ನೂ ಹತ್ತಿಸಬೇಡಿ. ಮಾರ್ಚಿನಲ್ಲಿ ಹಳ್ಳ ಒಣಗಿರುತ್ತದೆ, ಮೋರಿಯಿಂದ ದೂರದಲ್ಲಿ ದಡ ಇಳಿಜಾರಾಗಿರುವ ಕಡೆ ಹಳ್ಳದ ಒಡಲಿನಲ್ಲೇ ದಾಟಿಸಬಹುದು.

ತಂತಿಯ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದಲ್ಲ. ಹಿಟಾಚಿಯ ಬೂಮ್ ಎತ್ತಿದರೆ ತಂತಿಗೆ ತಾಕುವಷ್ಟು ಮೇಲೆ ಹೋಗುತ್ತದೆ, ಎತ್ತಿ ಹಿಡಿದ ಮರದ ಕೊಂಬೆ ಇನ್ನೂ ಮೇಲೆ ಹೋಗುತ್ತದೆ. ತಂತಿಯ ಕೆಳಗಿನ ಪಟ್ಟಿಯನ್ನು ಕೈಯಿಂದಲೇ ಕಡಿಸಿ, ಅಥವಾ ಬೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಆ ಹೊತ್ತಿಗೆ ಲೈನಿನ ವಿದ್ಯುತ್ ಕಡಿತ ಮಾಡಿಸಿ. ಒಂದು ವೇಳೆ ತಂತಿ ತಾಕಿದರೆ ಆಪರೇಟರು ಕ್ಯಾಬಿನ್ನಿನಲ್ಲೇ ಕುಳಿತಿರಬೇಕು, ಹೊರಗಿನವರು ಯಂತ್ರವನ್ನು ಮುಟ್ಟಲು ಓಡಿಬರಬಾರದು.

ಕೋಟೆನಾಡಿನ ಹುಡುಗ

ಕಿತ್ತ ಗಿಡಗಳನ್ನು ಬೆಂಕಿ ಹಾಕಿ ಸುಟ್ಟುಬಿಟ್ಟರೆ ಹೊಲ ಬೇಗ ಸ್ವಚ್ಛವಾಗುತ್ತದೆ ಅಲ್ಲವೇ?

ಚಳ್ಳಕೆರೆ ರೈತಮಹಿಳೆ

ಮಾರ್ಚಿನಲ್ಲಿ ಮರಡಿಯ ಪಕ್ಕದಲ್ಲಿ ಬೆಂಕಿಯೇ? ಬೇಡ ತಮ್ಮ. ಒಣಹುಲ್ಲು ಹಿಡಿದುಕೊಂಡರೆ ಬೆಂಕಿ ಗುಡ್ಡಕ್ಕೆ ಏರುತ್ತದೆ, ಆರಿಸಲು ಅಲ್ಲಿ ನೀರೂ ಇಲ್ಲ, ಜನರೂ ಇಲ್ಲ. ದಪ್ಪ ಬೇರುಗಳನ್ನೂ ಇದ್ದಿಲಿನವರು ಒಯ್ಯುತ್ತಾರೆ. ಉಳಿದ ಮುಳ್ಳುಕೊಂಬೆಗಳನ್ನು ಹೊಲದ ಸುತ್ತ ಬೇಲಿಗೆ ಹಾಕಿದರೆ ಹಂದಿ, ದನ ತಡೆಯಲು ಒಂದೆರಡು ವರ್ಷ ಬಾಳುತ್ತದೆ.

ಪಿ.ಬಿ. ರಸ್ತೆ ಮೆಕ್ಯಾನಿಕ್, ದಾವಣಗೆರೆ

ಬೆಂಕಿಯ ಮಾತು ಬಂದದ್ದರಿಂದ ಯಂತ್ರದ ಬೆಂಕಿಯನ್ನೂ ಹೇಳಿಬಿಡುತ್ತೇನೆ. ಜಾಲಿಯ ಎಲೆ ಸಣ್ಣದು, ಒಣಗಿದರೆ ಹೊಟ್ಟಿನಂತಾಗುತ್ತದೆ. ಫ್ಯಾನು ಅದನ್ನು ಎಳೆದುಕೊಂಡು ರೇಡಿಯೇಟರಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ, ಎರಡು ಗಂಟೆಯಲ್ಲಿ ಎಂಜಿನ್ ಕಾಯುತ್ತದೆ. ಟರ್ಬೋ ಮತ್ತು ಸೈಲೆನ್ಸರಿನ ಸುತ್ತ ಶೇಖರವಾದ ಎಲೆಗೆ ಕಿಡಿ ತಗುಲಿದರೆ ಪಕ್ಕದಲ್ಲೇ ಹೈಡ್ರಾಲಿಕ್ ಎಣ್ಣೆಯ ಹೋಸುಗಳು ಇರುತ್ತವೆ. ಆಪರೇಟರು ಎರಡು ಗಂಟೆಗೊಮ್ಮೆ ನಿಲ್ಲಿಸಿ ಊದಿ ಸ್ವಚ್ಛ ಮಾಡುತ್ತಾರೆಯೇ, ಕ್ಯಾಬಿನ್ನಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇದೆಯೇ ಎಂಬುದನ್ನು ಕೇಳಿಯೇ ಯಂತ್ರ ಗೊತ್ತು ಮಾಡಿ. ಹೊಟ್ಟೆಯ ಕೆಳಗಿನ ತಗಡು ಬಿಚ್ಚಿಹೋಗಿರುವ ಯಂತ್ರವನ್ನು ಬೊಡ್ಡೆಯ ಹೊಲಕ್ಕೆ ತರಿಸಲೇಬೇಡಿ. ಚೂಪು ಬುಡವೊಂದು ಕೆಳಗಿನಿಂದ ಹೊಕ್ಕರೆ ಹೋಸು ಹರಿಯುತ್ತದೆ.

ಜಗಳೂರು ಬೀಳುಹೊಲ

ಈ ಭಾನುವಾರ ಹೊಲಕ್ಕೆ ಹೋಗಿ ಹೇಳಿದಂತೆ ಮೂರು ಕಡೆ ಅಳೆದು ನೋಡಿದೆ. ಮಸಾರಿಯಲ್ಲಿ ಬಹುತೇಕ ತೋಳಿನ ಗಾತ್ರದವೇ. ತೊಡೆ ಮೀರಿದ ಬುಡಗಳು ಎರೆಯ ಕೆಳಬದುವಿನಲ್ಲಿ, ನೀರು ನಿಲ್ಲುತ್ತಿದ್ದ ಕಡೆ ಮಾತ್ರ ಇವೆ. ಹಳ್ಳದಲ್ಲಿ ಮೋರಿಗಿಂತ ಮೇಲೆ ದನ ಇಳಿಯುವ ಜಾಡು ಇದೆ, ಅಲ್ಲಿ ದಡ ಹೆಚ್ಚು ಕಡಿದಾಗಿಲ್ಲ.

ಆದ್ದರಿಂದ ಈಗ ಹೀಗೆ ನಿರ್ಧರಿಸಿದ್ದೇವೆ. ಹದ್ದುಬಸ್ತಿಗೆ ಅರ್ಜಿ ಕೊಟ್ಟಿದ್ದೇನೆ, ಅರಣ್ಯ ಕಚೇರಿಗೂ ಸರ್ವೆ ನಂಬರ್ ಬರೆದು ಕೊಟ್ಟಿದ್ದೇನೆ. ಎರಡೂ ಕಡೆಯಿಂದ ಉತ್ತರ ಬರುವವರೆಗೆ ಯಾವ ಯಂತ್ರವೂ ಇಳಿಯುವುದಿಲ್ಲ. ಆಮೇಲೆ ಇದ್ದಿಲಿನವರಿಗೆ ಸೊಂಟದೆತ್ತರ ಬಿಟ್ಟು ಕಡಿಯುವ ಷರತ್ತಿನ ಮೇಲೆ ಜಾಲಿ ಕೊಡುವುದು, 11 ಟನ್ನಿನ ಹಿಟಾಚಿಯನ್ನು ಬಾಡಿಗೆಗೆ ತರಿಸುವುದು, ಮೊದಲು ಎರೆ, ನಂತರ ಮಸಾರಿ. ಮರಡಿಯ ಕಡೆಯ ಒಂದೂವರೆ ಎಕರೆಯನ್ನು ಕಮರದ ಮರಗಳ ಸಹಿತ ಮುಟ್ಟದೆ ಬಿಡುತ್ತೇವೆ. ಚಿಕ್ಕಪ್ಪನವರಿಗೆ ಕಿಂಗ್‌ಪೋಸ್ಟಿನ ವಿಷಯ ಹೇಳಿದೆ, ಅವರು ನೋಡಿದ್ದ ಯಂತ್ರವನ್ನು ಮತ್ತೊಮ್ಮೆ ಪರೀಕ್ಷೆ ಮಾಡಿ ಬಂದು ಸುಮ್ಮನಾಗಿದ್ದಾರೆ.

ನೀಲಗಿರಿ ಗುತ್ತಿಗೆದಾರ, ಹೊಸದುರ್ಗ

ನಿಮ್ಮ ಜಮೀನಿನ ವಿವರ ಪೂರ್ತಿ ತಿಳಿದ ಮೇಲೆ ನಾನೂ 11 ಟನ್ನಿನದಕ್ಕೇ ಒಪ್ಪುತ್ತೇನೆ. ಆದರೆ ಗುಂಡಿ ಮುಚ್ಚಿ ಎರೆಯನ್ನು ಮಟ್ಟ ಮಾಡಲು ಒಂದು ದಿನದ ಡೋಜರ್ ಕೆಲಸ ಉಳಿಯುತ್ತದೆ ಎಂಬುದು ನನ್ನ ಮಾತು.

ಕೃಷಿ ಪದವೀಧರೆ, ಹಿರಿಯೂರು

ಬುಡ ತೆಗೆದ ಗುಂಡಿಗಳನ್ನು ಆಗಿಂದಾಗಲೇ ಬಕೆಟ್ಟಿನ ಬೆನ್ನಿನಿಂದ ಮುಚ್ಚಿಸಿಕೊಂಡರೆ ಉಳಿದದ್ದು ಟ್ರ್ಯಾಕ್ಟರಿನ ಲೆವೆಲರಿಗೆ ಸಾಕು, ಸರ್. ಐದು ಎಕರೆಗಾಗಿ ಇನ್ನೊಂದು ಭಾರದ ಯಂತ್ರವನ್ನು ಹಳ್ಳ ದಾಟಿಸುವುದು ಬೇಡ.

ಚೈನ್‌ಗಾಡಿ ಆಪರೇಟರ್, ಚಿತ್ರದುರ್ಗ

ಬಾಡಿಗೆಯ ಮಾತಿಗೆ ಕುಳಿತಾಗ ಕೆಲವು ವಿಷಯಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಎಕರೆ ಲೆಕ್ಕದ ಗುತ್ತಿಗೆಗೆ ಒಪ್ಪಬೇಡಿ. ಎಕರೆ ಲೆಕ್ಕದಲ್ಲಿ ಬಂದವರು ಬೇಗ ಮುಗಿಸಲು ಬುಡ ಮುರಿದು ಮೇಲೆ ಮಣ್ಣು ಎಳೆದು ಹೋಗುತ್ತಾರೆ. ಗಂಟೆಯ ಲೆಕ್ಕವೇ ಇರಲಿ, ಬೆಳಿಗ್ಗೆ ಮತ್ತು ಸಂಜೆ ಮೀಟರಿನ ಫೋಟೊ ತೆಗೆದುಕೊಳ್ಳಿ. ನಡಿಗೆಯ ಗಂಟೆಗಳಿಗೆ ದರ ಎಷ್ಟು, ಡೀಸೆಲ್ ಯಾರದು, ಆಪರೇಟರಿನ ಊಟ ಮತ್ತು ಬಾಟಾ (ದಿನದ ಭತ್ಯೆ) ಯಾರದು, ಯಂತ್ರ ಕೆಟ್ಟು ನಿಂತ ದಿನದ ಲೆಕ್ಕ ಏನು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಿ. ರಿಪ್ಪರ್ ಹಲ್ಲು ಅವರೇ ತರಬೇಕು ಎಂದು ಬರೆಸಿ. ಡೀಸೆಲ್ ನಿಮ್ಮದಾದರೆ ಬ್ಯಾರಲ್ಲನ್ನು ಒಂದು ರಾತ್ರಿ ಅಲುಗಾಡಿಸದೆ ನಿಲ್ಲಿಸಿ, ತಳದ ನಾಲ್ಕು ಬೆರಳಿನಷ್ಟನ್ನು ಬಿಟ್ಟು ಬಟ್ಟೆಯಲ್ಲಿ ಸೋಸಿ ಹಾಕಿ. ನೀರು ಸೇರಿದ ಡೀಸೆಲ್ ಹೋಗಿ ಪಂಪು ಕೆಟ್ಟರೆ ಮಾಲೀಕರು ನಿಮ್ಮ ಮೇಲೇ ಹಾಕುತ್ತಾರೆ.

ಕೆಲಸದ ಹೊತ್ತಿನಲ್ಲಿ ಯಂತ್ರದ ಸುತ್ತ 15 ಮೀಟರಿನ ಒಳಗೆ ಯಾರೂ ಇರಬಾರದು, ಸೌದೆ ಆಯುವ ಮಕ್ಕಳಂತೂ ಹೊಲಕ್ಕೇ ಬರಬಾರದು. ಮೊದಲ ದಿನ ಅರ್ಧ ಎಕರೆ ಮಾತ್ರ ತೆಗೆಯಿಸಿ, ಕಿತ್ತ ಬುಡಗಳಲ್ಲಿ ಹತ್ತನ್ನು ಆರಿಸಿ ಬೇರು ಎಲ್ಲಿ ತುಂಡಾಗಿದೆ ಎಂದು ಕೈಯಲ್ಲಿ ಹಿಡಿದು ಅಳೆದು ನೋಡಿ. ಒಂದು ಅಡಿಗಿಂತ ಮೇಲೆ ತುಂಡಾಗುತ್ತಿದ್ದರೆ ಆಪರೇಟರಿಗೆ ಅಲ್ಲೇ ಹೇಳಿ ಕೆಲಸದ ರೀತಿ ಬದಲಾಯಿಸಿ. ಅವರು ಕೇಳದಿದ್ದರೆ ಆ ದಿನದ ಬಾಡಿಗೆ ಕೊಟ್ಟು ಬೇರೆ ಆಪರೇಟರನ್ನು ಕಳುಹಿಸಲು ಮಾಲೀಕರಿಗೆ ಫೋನ್ ಮಾಡಿ.

ಜಗಳೂರು ಬೀಳುಹೊಲ

ಇದನ್ನೆಲ್ಲ ಹಾಗೆಯೇ ಬರೆದಿಟ್ಟುಕೊಂಡಿದ್ದೇನೆ ಅಣ್ಣ. ಅರಣ್ಯ ಕಚೇರಿಯ ಉತ್ತರ ಬಂದ ದಿನ ಇಲ್ಲಿಯೇ ತಿಳಿಸುತ್ತೇನೆ. 11 ಟನ್ನಿನ ಯಂತ್ರಕ್ಕೆ ರಿಪ್ಪರ್ ಹಲ್ಲು ಇಟ್ಟುಕೊಂಡಿರುವ ಮಾಲೀಕರು ಚಿತ್ರದುರ್ಗ ಅಥವಾ ದಾವಣಗೆರೆ ಕಡೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ.